ಕಾಲುವೆಯ ಕೊನೆಯ ಮನೆ



ಮನೆಯ ಫೋನಿನ ತಂತಿಯಲ್ಲೇ ಇಂಟರ್‌ನೆಟ್ ಪಡೆದವರು ಒಂದಲ್ಲ ಒಂದು ಸಲ ಕೇಳಿರಬಹುದಾದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಊರು ಒಂದೇ, ಯೋಜನೆ ಒಂದೇ, ತಿಂಗಳಿಗೆ ಕಟ್ಟುವ ಹಣವೂ ಒಂದೇ. ಆದರೂ ಪೇಟೆಬೀದಿಯ ಮನೆಯಲ್ಲಿ ಚಿತ್ರ ತಟ್ಟನೆ ಮೂಡುತ್ತದೆ, ಊರಾಚೆಯ ಬಡಾವಣೆಯಲ್ಲಿ ತೆವಳುತ್ತದೆ. ಇದು ಯಾರ ತಪ್ಪು? ಬಹಳಷ್ಟು ಸಲ ಉತ್ತರ ಇರುವುದು ಕಚೇರಿಯಲ್ಲಲ್ಲ, ನೆಲದಡಿಯ ತಾಮ್ರದ ತಂತಿಯಲ್ಲಿ.

ಆ ತಂತಿಯನ್ನು ಹಾಕಿದ್ದು ಮಾತಿಗಾಗಿ. ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ದೂರವಾಣಿಯ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಎರಡು ತಂತಿಗಳನ್ನು ಹುರಿಗೊಳಿಸಿದರೆ ಹೊರಗಿನ ಗದ್ದಲ ತಗ್ಗುತ್ತದೆ ಎಂಬ ಉಪಾಯವೂ 1881ರಲ್ಲಿ ಅವನದೇ. ಮರುವರ್ಷವೇ, 1882ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಮನುಷ್ಯನ ಮಾತು ಅರ್ಥವಾಗಲು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳು ಸಾಕು. ಆದ್ದರಿಂದ ದೂರವಾಣಿ ವ್ಯವಸ್ಥೆಯೆಲ್ಲ ಅಷ್ಟಕ್ಕೇ ಹೊಂದಿಕೊಂಡು ಬೆಳೆಯಿತು.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತಾಗ ಮೋಡೆಮ್ ಕಿರುಗುಟ್ಟುತ್ತ ನುಸುಳಿದ್ದು ಇದೇ ಕಿರಿದಾದ ಕಿಂಡಿಯಲ್ಲಿ. ಅಂಥ ಮೋಡೆಮ್‌ಗಳು ಕೊನೆಗೆ ಮುಟ್ಟಿದ ಮಿತಿ ಸೆಕೆಂಡಿಗೆ 56 ಕಿಲೋಬಿಟ್. ಮೇಲಾಗಿ, ಮಗ ಇಂಟರ್‌ನೆಟ್ಟಿನಲ್ಲಿ ಕೂತರೆ ಮನೆಯ ಫೋನು ಸದಾ ಎಂಗೇಜ್.

ಇಲ್ಲೊಂದು ಸ್ವಾರಸ್ಯವಿದೆ. ಈ ಮಿತಿ ತಂತಿಯದ್ದಲ್ಲ, ಎಕ್ಸ್‌ಚೇಂಜಿನ ಯಂತ್ರಗಳದ್ದು. ಬರಿಯ ತಂತಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕಂಪನಗಳನ್ನು ಹೊರಬಲ್ಲದು. ಮಾತಿಗೆ ಕೆಳಗಿನ ಪಟ್ಟಿಯನ್ನು ಬಿಟ್ಟುಕೊಟ್ಟು, ಖಾಲಿ ಬಿದ್ದ ಮೇಲಿನ ಬಯಲನ್ನು ಬಳಸಿಕೊಂಡದ್ದೇ ಎಡಿಎಸ್‌ಎಲ್ ಎಂಬ ತಂತ್ರ. 1999ರಲ್ಲಿ ಒಪ್ಪಿಗೆಯಾದ ಮಾನದಂಡದಲ್ಲಿ ಸುಮಾರು 11 ಲಕ್ಷ ಕಂಪನಗಳವರೆಗಿನ ಬಯಲನ್ನು 256 ಸಣ್ಣ ಮಡಿಗಳಾಗಿ ವಿಂಗಡಿಸಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಸಿಯೋಫಿ ಈ ವಿಧಾನವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಮೋಡೆಮ್ ಹಚ್ಚಿದಾಗ ದೀಪ ಕೆಲಹೊತ್ತು ಮಿಣುಕುತ್ತಿತ್ತಲ್ಲ, ಆಗ ಅದು ಒಂದೊಂದು ಮಡಿಯನ್ನೂ ಪರೀಕ್ಷಿಸುತ್ತಿತ್ತು. ಗದ್ದಲ ಕಡಿಮೆ ಇದ್ದಲ್ಲಿ ಹೆಚ್ಚು ಹೊರೆ, ಹೆಚ್ಚು ಇದ್ದಲ್ಲಿ ಕಡಿಮೆ ಹೊರೆ, ತೀರಾ ಕೆಟ್ಟಿದ್ದರೆ ಆ ಮಡಿಯೇ ಬೀಳು.

ಆದರೆ ಹೆಚ್ಚಿನ ಕಂಪನಗಳು ಬಹುದೂರ ಬಾಳುವುದಿಲ್ಲ. ತಂತಿ ಉದ್ದವಾದಷ್ಟೂ ಮೇಲಿನ ಮಡಿಗಳು ಒಂದೊಂದಾಗಿ ಸೊರಗುತ್ತವೆ. ಮುಂದೆ ಬಂದ ಸುಧಾರಿತ ಎಡಿಎಸ್‌ಎಲ್‌ನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 24 ಮೆಗಾಬಿಟ್ ಎಂದು ಕಾಗದದ ಮೇಲಿತ್ತು. ಎಕ್ಸ್‌ಚೇಂಜಿನಿಂದ ಒಂದು ಕಿಲೋಮೀಟರಿನೊಳಗೆ ಅದರ ಹತ್ತಿರ ಹೋಗಬಹುದಿತ್ತು. ಐದು ಕಿಲೋಮೀಟರು ಮುಟ್ಟುವಾಗ ಉಳಿಯುತ್ತಿದ್ದುದು ಒಂದೆರಡು ಮೆಗಾಬಿಟ್ ಮಾತ್ರ. ಈ ದೂರವೂ ಕಾಗೆ ಹಾರಿದ ದೂರವಲ್ಲ, ತಂತಿ ಬೀದಿ ಬೀದಿ ಸುತ್ತಿ ಬಂದ ದೂರ. ನಡುವೆ ಸಡಿಲವಾದ ಜೋಡಣೆಗಳು, ಮಳೆಗಾಲದಲ್ಲಿ ಕೇಬಲ್ಲಿಗೆ ಇಳಿಯುವ ನೀರು ಬೇರೆ. ನಾಲೆಯ ನೀರಿಗೆ ಕಾಯುವ ಕೊನೆಯ ಭಾಗದ ರೈತರ ಪಾಡು ನಮಗೆ ಗೊತ್ತು. ಅಣೆಕಟ್ಟಿನಲ್ಲಿ ಎಷ್ಟೇ ನೀರಿರಲಿ, ತಲುಪುವುದು ದಾರಿಯಲ್ಲಿ ಉಳಿದಷ್ಟು. ತಾಮ್ರದ ತಂತಿಯಲ್ಲೂ ಹಾಗೆಯೇ. ಜಾಹೀರಾತಿನ ‘ವರೆಗೆ’ ಎಂಬ ಪುಟ್ಟ ಪದದ ಹಿಂದೆ ಇದ್ದದ್ದು ಇದು.

ಇನ್ನೊಂದು ತೊಡಕು, ನೆರೆಹೊರೆ. ಒಂದೇ ಕೇಬಲ್ಲಿನಲ್ಲಿ ನೂರಾರು ಜೋಡಿ ತಂತಿಗಳು ಒತ್ತಿಕೊಂಡಿರುತ್ತವೆ. ನಮ್ಮ ಫೋನಿನಲ್ಲಿ ಇನ್ಯಾರದೋ ಮಾತು ತೇಲಿ ಬರುತ್ತಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು. ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಎಂಜಿನಿಯರ್ ಜೋಸೆಫ್ ಲೆಕ್ಲೈಡರ್ 1980ರ ದಶಕದ ಕೊನೆಯ ಹೊತ್ತಿಗೆ ಇದಕ್ಕೊಂದು ದಾರಿ ತೋರಿಸಿದರು. ಎರಡೂ ದಿಕ್ಕಿಗೆ ಸಮನಾದ ಜಾಗ ಕೊಡಬೇಡಿ, ಮನೆಗೆ ಬರುವ ಹಾದಿ ಅಗಲವಿರಲಿ, ಮನೆಯಿಂದ ಹೋಗುವುದು ಕಿರಿದಾಗಿರಲಿ, ಆಗ ತಂತಿಗಳ ನಡುವಿನ ಹಾವಳಿ ತಗ್ಗುತ್ತದೆ ಎಂಬುದು ಅವರ ಲೆಕ್ಕ. ಎಡಿಎಸ್‌ಎಲ್ ಹೆಸರಿನ ಮೊದಲ ಅಕ್ಷರ ಹೇಳುವುದೂ ‘ಅಸಮ’ ಎಂಬುದನ್ನೇ. ಮೊದಲ ಮಾನದಂಡದಲ್ಲಿ ಬರುವ ವೇಗ ಸುಮಾರು 8 ಮೆಗಾಬಿಟ್, ಹೋಗುವ ವೇಗ ಸುಮಾರು ಒಂದು.

ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಜಾಣ ತೀರ್ಮಾನ. ಬೇಡಿದ ಸಿನಿಮಾವನ್ನು ತಂತಿಯಲ್ಲಿ ಮನೆಗೆ ತಲುಪಿಸುವ ಕನಸು ಆಗ ಕಂಪನಿಗಳಿಗಿತ್ತು. ಆದರೆ ಅದರೊಳಗೆ ಒಂದು ಊಹೆಯೂ ಅಡಗಿತ್ತು: ಮನೆ ಎಂದರೆ ಪಡೆಯುವ ಜಾಗ, ಕೊಡುವ ಜಾಗವಲ್ಲ.

ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಸೇವೆ ಆರಂಭವಾಗಿ, ಹೊಸದಾಗಿ ರಸ್ತೆ ಅಗೆಯದೆಯೇ, ಅಜ್ಜನ ಕಾಲದ ಫೋನಿನ ತಂತಿಯಲ್ಲೇ ಲಕ್ಷಾಂತರ ಮನೆಗಳಿಗೆ ಜಗತ್ತು ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಮನೆಯೇ ಶಾಲೆಯೂ ಕಚೇರಿಯೂ ಆದಾಗ ಆ ಹಳೆಯ ಊಹೆ ಮುಗ್ಗರಿಸಿತು. ಪಾಠ ಹೇಳುವ ಟೀಚರ ಮುಖ ಮನೆಯಿಂದ ಹೊರಗೆ ಹೋಗಬೇಕಿತ್ತು. ಇಬ್ಬರು ಮಕ್ಕಳು, ಒಬ್ಬರು ನೌಕರಿಯವರು ಇದ್ದ ಮನೆಯಲ್ಲಿ ಮೂವರಿಗೂ ಅದೇ ಕಿರಿದಾದ ಹಾದಿ.

ತಜ್ಞರು ತಾಮ್ರವನ್ನು ಸುಮ್ಮನೆ ಬಿಡಲಿಲ್ಲ. 2006ರ ವಿಡಿಎಸ್‌ಎಲ್2, 2014ರ ಜಿ.ಫಾಸ್ಟ್ ಅದೇ ತಂತಿಯಲ್ಲಿ ನೂರಾರು ಮೆಗಾಬಿಟ್ ಹರಿಸಿದವು. ಗುಟ್ಟು ಒಂದೇ, ಬೀದಿಯ ಪೆಟ್ಟಿಗೆಯವರೆಗೂ ಗಾಜಿನೆಳೆಯನ್ನು ತಂದು ತಾಮ್ರವನ್ನು ಮೋಟು ಮಾಡುವುದು. ಜಿ.ಫಾಸ್ಟ್‌ನ ಪೂರ್ತಿ ಬಲ ಕಾಣುವುದು ನೂರು ಮೀಟರಿನ ಆಸುಪಾಸಿನಲ್ಲಷ್ಟೆ. ಕೊನೆಗೆ ಗಾಜಿನೆಳೆಯೇ ಮನೆಯೊಳಗೆ ಬಂದರೆ, ಐದು ಕಿಲೋಮೀಟರಿನ ಮನೆಗೂ ಒಂದು ಕಿಲೋಮೀಟರಿನ ಮನೆಗೂ ಭೇದವೇ ಉಳಿಯದು.

ಆದರೆ ಊಹೆ ಇನ್ನೂ ಉಳಿದಿದೆ. 2004ರ ವ್ಯಾಖ್ಯೆ ಅಳೆದದ್ದು ಮನೆಗೆ ಬರುವ ವೇಗವನ್ನು ಮಾತ್ರ. ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಿದ 2023ರ ವ್ಯಾಖ್ಯೆ ಅಳೆಯುವುದೂ ಅದನ್ನೇ. ಮನೆಯಿಂದ ಹೋಗುವ ವೇಗದ ಮಾತು ಅಲ್ಲಿಲ್ಲ. ತಂತಿಯ ಮಿತಿ ಕಳೆದ ಮೇಲೂ ಬುದ್ಧಿಯ ಮಿತಿ ಏಕೆ? ಮುಂದಿನ ಸಲ ಹೊಸ ಸಂಪರ್ಕ ಪಡೆಯುವಾಗ ‘ಎಷ್ಟು ಬರುತ್ತದೆ’ ಎಂದಷ್ಟೇ ಕೇಳಬೇಡಿ, ‘ನಮ್ಮ ಮನೆಯಿಂದ ಎಷ್ಟು ಹೋಗುತ್ತದೆ’ ಎಂದೂ ಕೇಳಿ. ಕೇಳಿಸಿಕೊಳ್ಳುವ ಹಕ್ಕಿನಷ್ಟೇ ಮಾತಾಡುವ ಹಕ್ಕೂ ನಮ್ಮದು.