ಹೊರದಾರಿ ಕಲಿಸದ ಹಿರಿಯರು

(ಅರಸೀಕೆರೆಯಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಹುಡುಗರು ಕೆಟ್ಟರು ಎಂಬ ಮಾತು ಎಲ್ಲರ ಬಾಯಲ್ಲಿದೆ. ಗಲ್ಲಾಪೆಟ್ಟಿಗೆ ಕಾಯುವುದೇ ಕೆಲಸವಾಯಿತೆಂದು ಅಂಗಡಿಯವರು ಹೇಳುತ್ತಾರೆ. ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಸ್ಟೇಷನ್ ದಾರಿಯಲ್ಲಿ ಒಬ್ಬರೇ ನಡೆಯಲು ಅಂಜುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ಕಳವಾದ ಚೀಲ ಕಳವಾದುದೇ, ಒಡೆದ ತಲೆ ಒಡೆದುದೇ. ಅದನ್ನು ಹಗುರ ಮಾಡಲು ನಾವು ಇಲ್ಲಿ ನಿಂತಿಲ್ಲ.

ಆದರೆ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂತೆಯ ದಿನ, ಕೊಬ್ಬರಿ ಕದ್ದನೆಂದು ಹದಿನೈದರ ಹುಡುಗನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆದರು. ನಾವು ನೋಡುತ್ತ ನಿಂತಿದ್ದೆವು, ಬಿಡಿಸಲಿಲ್ಲ. ಆಮೇಲೆ ವಿಚಾರಿಸಿದರೆ, ಅವನು ಅದೇ ಮಂಡಿಯಲ್ಲಿ ಮೂರು ವಾರ ಮೂಟೆ ಹೊತ್ತಿದ್ದ, ಕೂಲಿ ಸಿಕ್ಕಿರಲಿಲ್ಲ. ಹುಡುಗನ ಕಳವಿಗೆ ಅಂದೇ ಶಿಕ್ಷೆಯಾಯಿತು. ಕೂಲಿಯ ಕಳವಿಗೆ ಇಂದಿಗೂ ಆಗಿಲ್ಲ. ಪೆಟ್ಟು ತಿಂದವನು ಸರಿಹೋದನೆ? ಮುಂದಿನ ಸಲ ಅವನ ಕೈಯಲ್ಲಿ ಚಾಕು ಇತ್ತು.

ಬೇಲೂರಿನ ಗುಡಿಯಲ್ಲಿ ಮೃಗದೊಡನೆ ಹೋರಾಡುವ ಸಳನನ್ನು ನೀವೆಲ್ಲ ಕಂಡಿದ್ದೀರಿ. ಹುಲಿ ಎರಗಿದಾಗ ಗುರು ‘ಹೊಯ್ ಸಳ’ ಎಂದರಂತೆ, ಹುಡುಗ ಹೊಯ್ದನಂತೆ. ಕಸುವು ಹುಡುಗನದು, ಗುರಿ ತೋರಿದವರು ಹಿರಿಯರು. ಸಿಟ್ಟಿನ ಆವೇಗವನ್ನು ತಡೆದು ಮುಂದಿನದನ್ನು ಯೋಚಿಸುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ ಎಂದು ವಿಜ್ಞಾನ ಹೇಳುತ್ತದೆ. ಹದಿಹರೆಯದಲ್ಲಿ ತಪ್ಪಿದವರಲ್ಲಿ ಬಹುಪಾಲು ಮಂದಿ ವಯಸ್ಸು ಬಲಿತಂತೆ ಆ ದಾರಿ ಬಿಡುತ್ತಾರೆ. ಕೆಲಸ, ಸಂಸಾರ, ಮರ್ಯಾದೆ ದೊರೆತರೆ ಬೇಗ ಬಿಡುತ್ತಾರೆ. ಕಳ್ಳನೆಂಬ ಹೆಸರನ್ನೇ ಅಂಟಿಸಿದರೆ ಬಿಡುವುದು ಕಷ್ಟ.

ಸಿಟ್ಟಿನ ಹೊಡೆತ ಬೇರೆ, ಲಾಭದ ಹೊಡೆತ ಬೇರೆ. ಅಪ್ಪ ಕುಡಿದು ಬಂದು ಅವ್ವನನ್ನು ಬಡಿಯುವ ಮನೆಯಲ್ಲಿ ಬೆಳೆದವನು, ಯಾರಾದರೂ ದುರುಗುಟ್ಟಿ ನೋಡಿದರೂ ಕೈಯೆತ್ತುತ್ತಾನೆ. ಅವನಿಗೆ ಇನ್ನಷ್ಟು ಭಯ ಬೇಡ, ಭಯವಿಲ್ಲದ ಒಂದು ಜಾಗ ಬೇಕು. ಮತ್ತೊಬ್ಬನನ್ನು ಗಾಂಜಾ ಸಾಗಿಸಲು ದೊಡ್ಡವರೇ ಮುಂದೆ ಬಿಟ್ಟಿರುತ್ತಾರೆ. ಅಲ್ಲಿ ಮೊದಲು ಹಿಡಿಯಬೇಕಾದುದು ಆ ದೊಡ್ಡವರನ್ನು. ಮಕ್ಕಳನ್ನು ಹಾಗೆ ಬಳಸಿದವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ.

ಕಾನೂನು ಹುಡುಗರನ್ನು ಸುಮ್ಮನೆ ಬಿಡುತ್ತದೆ ಎಂಬುದೂ ತಪ್ಪು ತಿಳುವಳಿಕೆ. ಆ ಕಾಯಿದೆಯಂತೆ 18 ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, ನಿಜ. ಆದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಬುದ್ಧಿ ಹೇಳಿ ಕಳಿಸುವುದರಿಂದ ಹಿಡಿದು, ಸಮುದಾಯ ಸೇವೆ, ಮೇಲ್ವಿಚಾರಣೆ, 3 ವರ್ಷದವರೆಗೆ ವಿಶೇಷ ಗೃಹದವರೆಗೂ ಮಂಡಳಿ ಆದೇಶಿಸಬಹುದು. 16 ದಾಟಿದವರು ಘೋರ ಅಪರಾಧ ಮಾಡಿದ್ದರೆ ದೊಡ್ಡವರಂತೆ ವಿಚಾರಣೆಯಾಗಬೇಕೆ ಎಂಬುದನ್ನೂ ಅದು ಪರಿಶೀಲಿಸುತ್ತದೆ. ಇಷ್ಟೆಲ್ಲ ಇರುವಾಗ ಕಂಬವೂ ಹಗ್ಗವೂ ಏಕೆ?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆಯಿದೆ. ಒಳಹೊಗಲು ಮಾತ್ರ ಕಲಿತಿದ್ದ ಅಭಿಮನ್ಯುವನ್ನು ಮುಂದೆ ಬಿಟ್ಟು, ಹಿಂದೆಯೇ ಬರುತ್ತೇವೆಂದ ಹಿರಿಯರು ಹೊರಗೇ ಉಳಿದರು. ನಮ್ಮ ಹುಡುಗರ ಚಕ್ರವ್ಯೂಹ 14ರಿಂದ 18ರವರೆಗಿನ ನಾಲ್ಕು ವರ್ಷ. 2009ರ ಶಿಕ್ಷಣ ಹಕ್ಕು ಕಾಯಿದೆಯ ಉಚಿತ, ಕಡ್ಡಾಯ ಶಿಕ್ಷಣ 14ಕ್ಕೆ ನಿಲ್ಲುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ, 14 ತುಂಬಿದವರನ್ನು ಅಪಾಯಕಾರಿಯಲ್ಲದ ದುಡಿಮೆಗೆ ಬಿಡುತ್ತದೆ. ಓಟು ಬರುವುದು 18ಕ್ಕೆ. ನಡುವೆ ಹತ್ತನೆಯ ತರಗತಿಯಲ್ಲಿ ಫೇಲಾದ ಬಡವರ ಮಗ ಯಾರ ಲೆಕ್ಕದಲ್ಲೂ ಇಲ್ಲ. ಬೇಲೂರು, ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷವೇ. ಕಲ್ಲಿನ ಅಭಿಮನ್ಯುವಿಗೆ ಕಾವಲಿದೆ, ಜೀವಂತ ಅಭಿಮನ್ಯುವಿಗೆ ಯಾರು?

ಆದುದರಿಂದ ಗೆಳೆಯರೆ, ಇಂದು ಮೂರು ಮಾತು ಕೊಟ್ಟು ಏಳೋಣ. ಮೊದಲನೆಯದು ವರ್ತಕರಿಗೆ: ಸಿಕ್ಕಿಬಿದ್ದ ಹುಡುಗನ ಮೇಲೆ ಕೈ ಮಾಡಬೇಡಿ. ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಗೆ ಒಪ್ಪಿಸಿ. ದಿಕ್ಕಿಲ್ಲದ, ತೊಂದರೆಯಲ್ಲಿರುವ ಮಗು ಕಂಡರೆ 1098ಕ್ಕೆ ಫೋನು ಮಾಡಿ. ದುಡಿಸಿಕೊಂಡವನ ಕೂಲಿಯನ್ನು ವಾರ ತಪ್ಪದೆ ಕೊಡಿ. ಎರಡನೆಯದು ಕೆಲಸಗಾರರಿಗೆ: ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಎತ್ತುವ ಕೈ ಇಳಿಯಲಿ. ಮಾಲೀಕನ ದಬ್ಬಾಳಿಕೆಗೆ ಬಗ್ಗದವರು ಮನೆಯಲ್ಲಿ ತಾವೇ ಮಾಲೀಕರಾಗುವುದು ಸಮಾಜವಾದವಲ್ಲ. ಮೂರನೆಯದು ನಮ್ಮೆಲ್ಲರಿಗೂ: ಸಂಘದ ಕೊಠಡಿಯಲ್ಲಿ ಸಂಜೆಯ ಪಾಠ ತೆರೆಯೋಣ. ಆಟದ ಬಯಲನ್ನೂ, ಕೈಕಸುಬಿನ ತರಬೇತಿಯನ್ನೂ ಸರ್ಕಾರದಿಂದ ಒತ್ತಾಯಿಸಿ ಪಡೆಯೋಣ.

ಆ ಕಂಬ ಇನ್ನೂ ಅಲ್ಲೇ ಇದೆ. ಅದಕ್ಕೆ ಮತ್ತೊಬ್ಬ ಹುಡುಗನನ್ನು ಕಟ್ಟಲು ಹೊರಟರೆ, ಈ ಸಲ ನಾವು ನೋಡುತ್ತ ನಿಲ್ಲುವುದಿಲ್ಲ.