ಅತಿವೃಷ್ಟಿಯ ಲೆಕ್ಕದಲ್ಲಿ ಮಾನವನ ಪಾಲು



ಬೆಳಗಾವಿಯ ಈ ಕೋಟೆಯೊಳಗಿನ ಕಮಲ ಬಸದಿಯು ಕ್ರಿ.ಶ. 1204ರಲ್ಲಿ, ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳಿಕೆಯಲ್ಲಿ, ಬೀಚಿರಾಜನಿಂದ ನಿರ್ಮಿತವಾಯಿತು. ಅಂದಿನಿಂದ ಎಂಟುನೂರಕ್ಕೂ ಮಿಕ್ಕ ಮಳೆಗಾಲಗಳು ಅದರ ಕಲ್ಲುಗಳ ಮೇಲೆ ಸುರಿದು ಹೋಗಿವೆ. ಅತಿವೃಷ್ಟಿಯೂ ಬಂದಿದೆ, ಅನಾವೃಷ್ಟಿಯೂ ಬಂದಿದೆ. 1876-78ರ ಘೋರ ಕ್ಷಾಮವು ಈ ಸೀಮೆಯನ್ನೂ ಬಿಡಲಿಲ್ಲ. ಆಗ ಇಷ್ಟೊಂದು ಮೋಟಾರುಗಳೆಲ್ಲಿದ್ದವು, ಕಾರ್ಖಾನೆಗಳ ಹೊಗೆಯೆಲ್ಲಿತ್ತು, ಇಂದಿನ ನೆರೆ-ಬರಗಳಿಗೆ ಮನುಷ್ಯನನ್ನು ಹೊಣೆಮಾಡುವುದು ಸರಿಯೇ ಎಂದು ಹಿರಿಯರನೇಕರು ಕೇಳುವುದುಂಟು. ಮಾತು ತೆಗೆದುಹಾಕತಕ್ಕದ್ದಲ್ಲ. ಆದರೆ ಹಳೆಯ ಸಾಲವಿತ್ತೆಂಬ ಕಾರಣಕ್ಕೆ ಹೊಸ ಸಾಲದ ಲೆಕ್ಕವನ್ನು ನೋಡದೆ ಬಿಡುವ ವ್ಯಾಪಾರಿಯುಂಟೇ?

2019ರ ಆಗಸ್ಟ್ ತಿಂಗಳನ್ನು ಈ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ರಾಮದುರ್ಗದ ಮನೆಗಳನ್ನು ಹೊಕ್ಕಳು. ಘಟಪ್ರಭೆಯು ಗೋಕಾಕದ ಪೇಟೆಯನ್ನು ಹೊಕ್ಕಳು. ಕೃಷ್ಣೆಯ ದಂಡೆಯ ಊರುಗಳ ಜನರು ದನಕರುಗಳೊಡನೆ ಗಂಜಿ ಕೇಂದ್ರಗಳನ್ನು ಸೇರಿದರು. ನಾಲ್ಕೇ ವರ್ಷ ಕಳೆದು 2023ರ ಆಗಸ್ಟ್ ಬಂದಾಗ, ಅದು ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಆ ವರ್ಷ ರಾಜ್ಯ ಸರಕಾರವು 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು.

ಒಂದು ತಕ್ಕಡಿಯ ತಟ್ಟೆಯಡಿಯಲ್ಲಿ ಯಾರೋ ತುಸು ಮೇಣ ಮೆತ್ತಿದ್ದಾರೆನ್ನಿ. ಒಂದು ಸಲ ತೂಗಿದರೆ ಮೋಸ ತಿಳಿಯದು. ಗಾಳಿಗೆ ಬಾಗಿತೋ, ಕಾಳು ಒದ್ದೆಯಾಗಿತ್ತೋ ಎಂಬ ಸಂಶಯ ಉಳಿಯುತ್ತದೆ. ಸಾವಿರ ಸಲ ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂಬುದು ಬಯಲಾಗುತ್ತದೆ. ಹವಾಮಾನದ ತಕ್ಕಡಿಗೆ ಮೆತ್ತಿದ ಮೇಣವೆಂದರೆ ಕಲ್ಲಿದ್ದಲು ಮತ್ತು ಎಣ್ಣೆಯನ್ನು ಸುಟ್ಟ ಇಂಗಾಲಾಮ್ಲ ಅನಿಲ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತ ಮೋಡವು ಇಳಿಸುವಾಗಲೂ ಹೆಚ್ಚೇ ಇಳಿಸುತ್ತದೆ.

ವಿಜ್ಞಾನಿಗಳು ಸಾವಿರ ಸಲ ತೂಗುವುದು ಗಣಕಯಂತ್ರದಲ್ಲಿ. ಕಾದಿರುವ ಇಂದಿನ ಭೂಮಿ ಒಂದು, ಕಾಯದೆ ಉಳಿದಿದ್ದರೆ ಇರುತ್ತಿದ್ದ ಭೂಮಿ ಇನ್ನೊಂದು. ಎರಡರಲ್ಲಿಯೂ ಅಂಥ ಮಳೆ ಅಥವಾ ಬಿಸಿಲು ಎಷ್ಟು ಸಲ ಬರುತ್ತದೆಂದು ಎಣಿಸಿ, ಹಳೆಯ ಮಳೆಮಾಪನದ ದಾಖಲೆಗಳೊಡನೆ ತಾಳೆ ನೋಡುತ್ತಾರೆ. 2003ರಲ್ಲಿ ಯುರೋಪ ಖಂಡದಲ್ಲಿ ಸಾವಿರಾರು ಜನರನ್ನು ಕೊಂದ ಬೇಸಿಗೆಯ ಕುರಿತು ಪೀಟರ್ ಸ್ಟಾಟ್ ಮತ್ತು ಸಂಗಡಿಗರು 2004ರಲ್ಲಿ ಹೀಗೆ ಲೆಕ್ಕಹಾಕಿ, ಅಂಥ ಬೇಸಿಗೆಯ ಸಂಭವವನ್ನು ಮಾನವನ ಕೈ ಕನಿಷ್ಠ ಇಮ್ಮಡಿಗೊಳಿಸಿದೆಯೆಂದು ತೀರ್ಮಾನಿಸಿದರು. 2014ರಲ್ಲಿ ಆರಂಭವಾದ 'ವರ್ಲ್ಡ್ ವೆದರ್ ಆಟ್ರಿಬ್ಯೂಷನ್' ಎಂಬ ವಿಜ್ಞಾನಿಗಳ ಬಳಗವು ಈ ಲೆಕ್ಕವನ್ನು ಕೆಲವೇ ವಾರಗಳಲ್ಲಿ ಮುಗಿಸುವ ಕ್ರಮವನ್ನು ರೂಢಿಸಿತು. ನಮ್ಮ ರಾಜ್ಯದ ಮಗ್ಗುಲಿನ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವಷ್ಟೆ. ಆ ಒಂದು ದಿನದ 140 ಮಿಲಿಮೀಟರಿಗೂ ಮಿಕ್ಕ ಮಳೆಯು ಭೂಮಿಯ ತಾಪ ಏರಿದ್ದರಿಂದ ಸುಮಾರು ಶೇಕಡಾ 10ರಷ್ಟು ಹೆಚ್ಚು ತೀವ್ರವಾಯಿತೆಂದು ಈ ಬಳಗ ಹೇಳಿತು. ಹತ್ತು ಅಲ್ಪವಲ್ಲ. ತುಂಬಿದ ಕೊಡ ಚೆಲ್ಲುವುದು ಕೊನೆಯ ಬೊಗಸೆಯಿಂದಲೇ.

ಈ ಶಾಸ್ತ್ರವನ್ನು ನಂಬುವಂತೆ ಮಾಡುವ ಸಂಗತಿ ಇನ್ನೊಂದಿದೆ: ಅದು ಆರೋಪ ಹೊರಿಸುವಂತೆಯೇ ಬಿಡುಗಡೆಯನ್ನೂ ಮಾಡುತ್ತದೆ. ದಕ್ಷಿಣ ಮಡಗಾಸ್ಕರದ 2019-21ರ ಬರದಲ್ಲಿ ಹವಾಮಾನ ಬದಲಾವಣೆಯ ಪಾಲು ಅತ್ಯಲ್ಪವೆಂದು ಇದೇ ಬಳಗ ಪ್ರಕಟಿಸಿತು. ಅಲ್ಲಿ ಹಸಿವಿಗೆ ಬಡತನವೇ ದೊಡ್ಡ ಕಾರಣವಾಗಿತ್ತು. ನಮ್ಮಲ್ಲಿಯೂ ಹಾಗೆಯೇ ನೋಡಬೇಕು. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗವು ಪೂರ್ವ ಭಾಗಕ್ಕಿಂತ ಬಹಳ ಕಾದಿತ್ತು. 2023ರಲ್ಲಿ ಶಾಂತಸಾಗರದಲ್ಲಿ ಎಲ್ ನಿನೋ ಇತ್ತು. ಇವು ಪ್ರಕೃತಿಯ ಹಳೆಯ ಏರಿಳಿತಗಳು. ಅವುಗಳ ಮೇಲೆ ತಾಪದ ಹೊರೆ ಬಿದ್ದಿದೆ. ಮೂರನೆಯದು ಊರಿನದೇ ಪಾಲು. ಬಳ್ಳಾರಿ ನಾಲೆಯ ನೀರು ಮಳೆಗಾಲದಲ್ಲಿ ಬೆಳಗಾವಿಯ ಸುತ್ತಲಿನ ಭತ್ತದ ಗದ್ದೆಗಳನ್ನು ಮುಳುಗಿಸುವುದಕ್ಕೆ ದೂರದೇಶದ ಹೊಗೆಯೊಂದನ್ನೇ ದೂರಿದರೆ ಹೂಳು ತೆಗೆಯಬೇಕಾದವರು ನಿಶ್ಚಿಂತರಾಗುತ್ತಾರೆ. ಎಲ್ಲವೂ ದೈವಾಧೀನವೆಂದರೆ ಹೊಗೆಯುಗುಳುವವರು ನಿಶ್ಚಿಂತರಾಗುತ್ತಾರೆ. ಎರಡರಲ್ಲಿಯೂ ನಷ್ಟ ರೈತನ ಖಾತೆಗೇ ಬೀಳುತ್ತದೆ. (ಪರಿಹಾರ ಹಂಚುವ ವೇಳೆಗೆ ಅವನ ಎರಡನೆಯ ಬಿತ್ತನೆಯೂ ಮುಗಿದಿರುತ್ತದೆ, ಆ ಮಾತು ಬೇರೆ.)

ಈ ಎಲ್ಲ ಲೆಕ್ಕಕ್ಕೂ ಬಂಡವಾಳವೆಂದರೆ ಮಳೆಯ ದಾಖಲೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1950ರಿಂದ 2015ರ ಅವಧಿಯಲ್ಲಿ ಮಧ್ಯಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿ ತೀವ್ರ ಮಳೆಗಳು ಮೂರುಪಟ್ಟಾಗಿವೆ. ಅದಕ್ಕೆ ಬೇಕಾದ ತೇವವನ್ನು ಅರಬ್ಬೀ ಸಮುದ್ರದ ಗಾಳಿ ಒದಗಿಸುತ್ತದೆ. ಖಾನಾಪುರದ ಕಾಡುಗಳನ್ನು ತೋಯಿಸುವುದೂ ಅದೇ ಸಮುದ್ರ. ಅಷ್ಟು ವರ್ಷಗಳ ಅಂಕಿಗಳು ದೊರೆತದ್ದು ದೇಶದ ನೂರಾರು ಊರುಗಳಲ್ಲಿ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ಅಳೆದು, ಮಳೆ ಬಾರದ ದಿನವೂ ಸೊನ್ನೆಯೆಂದು ಬರೆದಿಟ್ಟ ಗುಮಾಸ್ತರಿಂದ.