ಬಾವುಟ ಅರ್ಧಕ್ಕಿಳಿದ ದಿನಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಲ್ಫ್‌ನಲ್ಲಿದ್ದ ದಿನಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ನೀವು ಬುರ್ಜ್ ಖಲೀಫಾ, ಚಿನ್ನದ ಅಂಗಡಿ, ಮರಳುಗಾಡಿನ ಒಂಟೆಗಳ ಸಂಗತಿ ಕೇಳಲು ಕಾದಿರಬಹುದು. ಅವೆಲ್ಲ ಈಗ ಯಾರ ಮೊಬೈಲಿನಲ್ಲಾದರೂ ಸಿಗುತ್ತವೆ. ನನ್ನ ಯಜಮಾನರ ಕೆಲಸದ ನಿಮಿತ್ತ ನಾನು ಶಾರ್ಜಾದಲ್ಲಿದ್ದ ನಾಲ್ಕು ವರ್ಷಗಳಲ್ಲಿ ಎರಡು ಶೋಕಾಚರಣೆಗಳನ್ನು ಕಂಡೆ. ಒಂದು ನಮ್ಮ ನಾಡಿನದು, ಅದನ್ನು ದೂರದಿಂದ ನೋಡಿದೆ. ಇನ್ನೊಂದು ಆ ದೇಶದ್ದು, ಅದನ್ನು ಹತ್ತಿರದಿಂದ ನೋಡಿದೆ. ಅವುಗಳ ಬಗ್ಗೆಯೇ ಮಾತಾಡುತ್ತೇನೆ.

ಅದಕ್ಕೆ ಮೊದಲು ನಿಮಗೊಂದು ಪ್ರಶ್ನೆ. ದೊಡ್ಡವರೊಬ್ಬರು ತೀರಿಕೊಂಡ ಸುದ್ದಿ ಬಂದ ಕೂಡಲೇ ನಾವು ಮೊದಲು ಕೇಳುವುದೇನು? 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ಅವರು ತೀರಿಕೊಂಡರು, 26ರಂದು ಡಾ. ಮನಮೋಹನ ಸಿಂಗ್ ತೀರಿಕೊಂಡರು. ಎರಡೂ ಸಲ ನನ್ನ ಫೋನಿಗೆ ಬಂದ ಮೊದಲ ಸಂದೇಶ ಒಂದೇ: "ಮಿಸ್, ನಾಳೆ ರಜೆಯಾ?" ಎರಡೂ ಸಲ ಮಾರನೆಯ ದಿನ ರಜೆ ಇತ್ತು, ನಮ್ಮ ಗೋವಿಂದರಾಜನಗರದ ಬೀದಿಗಳಲ್ಲಿ ಭರ್ಜರಿ ಕ್ರಿಕೆಟ್ಟೂ ಇತ್ತು. ಮಕ್ಕಳನ್ನು ನಾನು ಬೈಯುವುದಿಲ್ಲ. ಆದರೆ ಶೋಕಾಚರಣೆ ಬೇರೆ, ರಜೆ ಬೇರೆ ಎಂಬುದು ತಿಳಿದಿರಲಿ. ಅಧಿಕಾರದಲ್ಲಿರುವ ರಾಷ್ಟ್ರಪತಿ ಅಥವಾ ಪ್ರಧಾನಿ ತೀರಿಕೊಂಡರೆ ಮಾತ್ರ ಸಾರ್ವಜನಿಕ ರಜೆ ಎಂದು ಕೇಂದ್ರ ಸರಕಾರ 1997ರಲ್ಲೇ ಹೇಳಿದೆ. ಉಳಿದಂತೆ ರಜೆ ಕೊಡುವುದು ಆಯಾ ರಾಜ್ಯಗಳಿಗೆ ಬಿಟ್ಟದ್ದು. ಬಾವುಟವನ್ನು ಅರ್ಧಕ್ಕಿಳಿಸುವುದಕ್ಕೂ ಕ್ರಮವಿದೆ. ಮೊದಲು ಅದನ್ನು ಕಂಬದ ತುದಿಯವರೆಗೆ ಏರಿಸಬೇಕು, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವಾಗಲೂ ಮತ್ತೊಮ್ಮೆ ತುದಿ ಮುಟ್ಟಿಸಿಯೇ ಇಳಿಸಬೇಕು.

ಈಗ ಶಾರ್ಜಾಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 29, ಶುಕ್ರವಾರ. ಜುಮಾ ಮುಗಿಸಿ ಗಂಡಸರು ಮನೆಗೆ ಬರುವ ಹೊತ್ತು. ಪುನೀತ್ ರಾಜಕುಮಾರ್ ತೀರಿಕೊಂಡರೆಂದು ತಮ್ಮ ಬೆಂಗಳೂರಿನಿಂದ ಫೋನ್ ಮಾಡಿದ. ವಯಸ್ಸು 46. ನಾನು ಕಿಟಕಿಯಿಂದ ಹೊರಗೆ ನೋಡಿದೆ. ರೋಲಾದ ಬೀದಿ ಎಂದಿನಂತೆಯೇ ಇತ್ತು. ಷವರ್ಮಾ ಅಂಗಡಿಯ ಮುಂದೆ ಅದೇ ಸಾಲು, ಅದೇ ಹಾರ್ನು. ಬೆಂಗಳೂರಿನಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಜನಸಾಗರ ಹರಿಯುತ್ತಿದೆ, ನನ್ನ ಕಟ್ಟಡದ ಲಿಫ್ಟಿನಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿಲ್ಲ. ಪರದೇಶದಲ್ಲಿದ್ದೇನೆ ಎಂಬುದು ವೀಸಾ ನೋಡಿದಾಗ ಅಷ್ಟು ಅರ್ಥವಾಗಿರಲಿಲ್ಲ.

ಎದುರು ಮನೆಯಲ್ಲಿ ಪಾಕಿಸ್ತಾನದ ಮುಲ್ತಾನ್ ಕಡೆಯ ಹೆಂಗಸೊಬ್ಬರಿದ್ದರು. ನನ್ನ ಕಣ್ಣು ನೋಡಿ, "ಖೈರಿಯತ್ ತೋ ಹೈ, ಬಾಜಿ?" ಎಂದರು. ನಮ್ಮ ಕಡೆಯ ಕಲಾವಿದರೊಬ್ಬರು ಹೋದರು ಎಂದೆ. ಅವರು ಯಾವ ಸಿನಿಮಾ ಎಂದೇನೂ ಕೇಳಲಿಲ್ಲ. ರಾತ್ರಿ ಒಂದು ಡಬ್ಬಿಯಲ್ಲಿ ಸಾಲನ್, ನಾಲ್ಕು ರೊಟ್ಟಿ ತಂದು ಕೊಟ್ಟರು. ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ಕಳಿಸುವ ರಿವಾಜು ನಿಮಗೆ ಗೊತ್ತೇ ಇದೆ. ನಮ್ಮ ಮನೆ ಸಾವಿನ ಮನೆ ಅಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಟೋಬರ್ 31ರಂದು ಕಂಠೀರವ ಸ್ಟುಡಿಯೋದಲ್ಲಿ, ತಂದೆ ತಾಯಿಯ ಸಮಾಧಿಗಳ ಹತ್ತಿರ ಅವರ ಅಂತ್ಯಕ್ರಿಯೆಯಾಯಿತು. ಅವರು ದಾನ ಮಾಡಿದ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಚಿಕಿತ್ಸೆ ನಡೆದದ್ದು ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ, ನಮ್ಮ ಮನೆಯಿಂದ ಒಂದು ಆಟೋ ದೂರದಲ್ಲಿ. ಲಕ್ಷಾಂತರ ಜನ ಸೇರಿದ್ದರೂ ಆ ದಿನಗಳು ಶಾಂತವಾಗಿ ಕಳೆದವು ಎಂದು ಕೇಳಿ ನನಗೆ ನೆಮ್ಮದಿಯಾಯಿತು. ಏಕೆಂದರೆ 2006ರ ಏಪ್ರಿಲ್ ನನಗೆ ನೆನಪಿದೆ. ಡಾ. ರಾಜಕುಮಾರ್ 12ರಂದು ತೀರಿಕೊಂಡರು. ಆಗ ಬಸ್ಸುಗಳು ಉರಿದವು, ಪೊಲೀಸ್ ಒಬ್ಬರೂ ಸೇರಿ ಎಂಟು ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಅಬ್ಬಾ ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿಯ ಷಟರ್ ಎಳೆದು ಓಡುತ್ತಾ ಬಂದರು. 'ಕಸ್ತೂರಿ ನಿವಾಸ'ವನ್ನು ಎಷ್ಟೋ ಸಲ ನೋಡಿದ್ದ ಅಮ್ಮಿ ಒಳಗೆ ಕೂತು ಅಳುತ್ತಿದ್ದರು. ಆದರೆ ನನಗೆ ಹೆಚ್ಚಾಗಿ ನೆನಪಿರುವುದು ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಗಾರೆ ಕೆಲಸದ ಬಿಹಾರಿ ಹುಡುಗ. ಅವನು ಗೇಟಿನ ಸಂದಿಯಿಂದ ಅಬ್ಬಾನನ್ನು ಕೇಳಿದ: "ಚಾಚಾ, ಕೌನ್ ಗುಜರ್ ಗಯಾ?" ಊರೆಲ್ಲ ಅಳುತ್ತಿದೆ, ಓಡುತ್ತಿದೆ, ಅವನಿಗೆ ಯಾರು ಸತ್ತರೆಂದೂ ಗೊತ್ತಿಲ್ಲ, ಹೊರಗೆ ಬಂದರೆ ಏನಾಗುತ್ತದೋ ಎಂಬ ಹೆದರಿಕೆ ಬೇರೆ. ಎರಡು ದಿನ ಅವನ ಊಟ ನಮ್ಮ ಮನೆಯಿಂದಲೇ ಹೋಯಿತು.

2022ರ ಮೇ 13, ಅದೂ ಶುಕ್ರವಾರವೇ. ಆ ದೇಶದ ಅಧ್ಯಕ್ಷರಾಗಿದ್ದ ಶೇಖ್ ಖಲೀಫಾ ಬಿನ್ ಜಾಯಿದ್ ತೀರಿಕೊಂಡರು. ನೀವು ಚಿತ್ರದಲ್ಲಿ ನೋಡುವ ಬುರ್ಜ್ ಖಲೀಫಾಕ್ಕೆ 2010ರಲ್ಲಿ ಇಟ್ಟದ್ದು ಇವರ ಹೆಸರನ್ನೇ. ನಲವತ್ತು ದಿನ ಶೋಕಾಚರಣೆ, ಅಷ್ಟೂ ದಿನ ಬಾವುಟ ಅರ್ಧಕ್ಕೆ. ಸರಕಾರಿ ಕಚೇರಿಗಳಿಗೂ ಖಾಸಗಿ ಕಂಪನಿಗಳಿಗೂ ಮೂರು ದಿನ ಬಿಡುವು ಎಂದು ಘೋಷಣೆಯಾಯಿತು. ಟಿ.ವಿ.ಯಲ್ಲಿ ಹಾಡು ನಿಂತು ಕುರ್‌ಆನ್ ಪಾರಾಯಣ ಶುರುವಾಯಿತು. ಮಗ್ರಿಬ್ ಆದ ಮೇಲೆ ದೇಶದ ಎಲ್ಲ ಮಸೀದಿಗಳಲ್ಲೂ ಗಾಯಬಾನಾ ಜನಾಜಾ ನಮಾಜ್ ಆಯಿತು. ನಮ್ಮ ಯಜಮಾನರು ಬಂದು ಹೇಳಿದರು: ಸಾಲಿನಲ್ಲಿ ಎಡಕ್ಕೆ ಬಂಗಾಲಿ ಟೈಲರ್, ಬಲಕ್ಕೆ ಪಠಾಣ್ ಟ್ಯಾಕ್ಸಿ ಚಾಲಕ, ಆ ದೇಶದ ಪ್ರಜೆ ಎಂಬವರು ಒಬ್ಬರೋ ಇಬ್ಬರೋ. ಅದೇ ರಾತ್ರಿ ಅಬುಧಾಬಿಯ ಬತೀನ್ ಖಬರಸ್ತಾನದಲ್ಲಿ ದಫನ್ ಮುಗಿಯಿತು. ಮಾರನೆಯ ದಿನ ಅವರ ತಮ್ಮ ಶೇಖ್ ಮೊಹಮ್ಮದ್ ಅಧ್ಯಕ್ಷರಾದರು. ನಮ್ಮಲ್ಲಿಯ ಮೆರವಣಿಗೆ, ಅಂತಿಮ ದರ್ಶನ ನೋಡಿದ ಕಣ್ಣಿಗೆ ಆ ಚುರುಕು ವಿಚಿತ್ರವೆನಿಸಿತು.

ಅರಬ್ ದೇಶಗಳೆಲ್ಲ ಒಂದೇ ತರಹ ಎಂದೂ ತಿಳಿಯಬೇಡಿ. ಸೌದಿ ಅರೇಬಿಯಾದಲ್ಲಿ ಬಾವುಟವನ್ನು ಅರ್ಧಕ್ಕಿಳಿಸುವುದೇ ಇಲ್ಲ, ಅದರ ಮೇಲೆ ಕಲಿಮಾ ಇದೆ. 2005ರಲ್ಲಿ ದೊರೆ ಫಹದ್, 2015ರಲ್ಲಿ ದೊರೆ ಅಬ್ದುಲ್ಲಾ ತೀರಿಕೊಂಡಾಗ ರಿಯಾದಿನ ಅಲ್ ಊದ್ ಖಬರಸ್ತಾನದಲ್ಲಿ ಹೆಸರಿಲ್ಲದ ಗೋರಿಯಲ್ಲಿ ಮಣ್ಣು ಮಾಡಿದರು. ಮೂರು ದಿನಕ್ಕಿಂತ ಹೆಚ್ಚು ಸೋಗ್ ಇಲ್ಲ, ಗಂಡನನ್ನು ಕಳೆದುಕೊಂಡವಳ ಇದ್ದತ್ ಮಾತ್ರ ನಾಲ್ಕು ತಿಂಗಳು ಹತ್ತು ದಿನ ಎಂಬ ಹದೀಸನ್ನು ನೀವೂ ಓದಿದ್ದೀರಿ. ನಲವತ್ತು ದಿನದ ಬಾವುಟ ಆಯಾ ಸರಕಾರದ ಪದ್ಧತಿ. ಇವೆರಡನ್ನು ಕಲಸಿ ವಾದ ಮಾಡುವವರು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದರು.

ಕೆಳಗಿನ ಬಖಾಲಾ ಅಂಗಡಿಯವರು ಕಾಸರಗೋಡಿನವರು. ಆ ಮೂರು ದಿನವೂ ಬಾಗಿಲು ತೆರೆದಿದ್ದರು, ಎಂದಿನ ಸಿನಿಮಾ ಹಾಡು ಮಾತ್ರ ಇರಲಿಲ್ಲ. "ದುಃಖ ಉಂಟು ಅಕ್ಕಾ, ಆದರೆ ಮಕ್ಕಳಿಗೆ ಹಾಲು ಬೇಕಲ್ಲ" ಎಂದರು. ಅಂಗಡಿ ಎದುರು ನಿಂತಿದ್ದ ಕೆಲಸಗಾರರ ಮಾತು ಇನ್ನೊಂದು ತೆರನಾಗಿತ್ತು: ಮೂರು ದಿನದ ಸಂಬಳ ಹಿಡಿಯುತ್ತಾರಾ, ಓವರ್‌ಟೈಮ್ ಹೋಯಿತಾ? ಇದನ್ನು ಕೇಳಿ, ಛೇ, ಇವರಿಗೆ ದುಃಖವಿಲ್ಲವೇ ಎನ್ನಬೇಡಿ. ಗಂಟೆ ಲೆಕ್ಕದಲ್ಲಿ ದುಡಿದು ಊರಿಗೆ ಕಳಿಸುವವನಿಗೆ ದುಃಖವೂ ಇರುತ್ತದೆ, ಲೆಕ್ಕವೂ ಇರುತ್ತದೆ. ಹದಿನೇಳು ವರ್ಷ ಆ ನೆಲದ ಉಪ್ಪು ತಿಂದ ಬೀದರಿನ ಚಾಲಕರೊಬ್ಬರು ನನ್ನ ಮುಂದೆಯೇ ಕಣ್ಣೊರೆಸಿಕೊಂಡರು. ಸಂಬಳದ ಪ್ರಶ್ನೆ ಕೇಳಿದವರೂ ಅವರೇ.

ಮೇ 14ರಂದು ಭಾರತ ಸರಕಾರವೂ ಒಂದು ದಿನದ ಶೋಕ ಘೋಷಿಸಿ ದೇಶದ ಎಲ್ಲೆಡೆ ಬಾವುಟ ಅರ್ಧಕ್ಕಿಳಿಸಿತ್ತು. ತಮ್ಮನಿಗೆ ಹೇಳಿದರೆ, "ಹೌದಾ ಆಪಾ? ಇವತ್ತು ಎರಡನೇ ಶನಿವಾರ, ಆಫೀಸೇ ಇಲ್ಲ, ಯಾರು ನೋಡುತ್ತಾರೆ" ಎಂದ.

ಜೂನ್ ತಿಂಗಳು ಬಂತು. ಬಾವುಟ ಇನ್ನೂ ಅರ್ಧದಲ್ಲೇ ಇತ್ತು. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಎಂಟು ಜನ ಒಂದು ಕೋಣೆಯಲ್ಲಿದ್ದರು. ಅವರಲ್ಲಿ ಕಲಬುರಗಿ ಕಡೆಯ ಎ.ಸಿ. ಮೆಕ್ಯಾನಿಕ್ ಒಬ್ಬ. ಅವನ ತಂದೆ ಊರಿನಲ್ಲಿ ಬೆಳಗಿನ ಜಾವ ತೀರಿಕೊಂಡರು. ಪಾಸ್‌ಪೋರ್ಟು ಕಂಪನಿಯ ಕೈಯಲ್ಲಿ, ಟಿಕೆಟಿಗೆ ದುಡ್ಡು ಹೊಂದಿಸಬೇಕು, ರಜೆಗೆ ಸಹಿ ಬೇಕು. ಊರಿನಲ್ಲಿ ಮಯ್ಯತ್ತನ್ನು ಎಷ್ಟು ಹೊತ್ತು ಇಟ್ಟಾರು? ಜೊಹರ್ ನಂತರ ಮಣ್ಣು ಕೊಟ್ಟರು. ಅವನು ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ನೋಡಿದ. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. ಮಾರನೆಯ ದಿನ ಕೆಲಸಕ್ಕೆ ಹೋದ. ಜೂನ್ ತಿಂಗಳಲ್ಲಿ ಅಲ್ಲಿ ಎ.ಸಿ. ಕೆಟ್ಟರೆ ಯಾರೂ ಕಾಯುವುದಿಲ್ಲ.

ಮೂರು ದಿನ ಅವನ ಕೈಗೆ ಪಾತ್ರೆ ಕೊಡದೆ ಕೋಣೆಯವರು ಅಡುಗೆ ಮಾಡಿ ಹಾಕಿದರು. ಸರದಿ ಹಿಡಿದವರಲ್ಲಿ ನೇಪಾಳದ ಹುಡುಗನೊಬ್ಬ, ತೆಲಂಗಾಣದವನೊಬ್ಬ. ಎದುರು ಮನೆಯ ಬಾಜಿಯ ಡಬ್ಬಿ ಅಲ್ಲಿಗೂ ಹೋಯಿತು. ನಮ್ಮ ಸಂಘದ ಎಷ್ಟೋ ಮನೆಗಳ ಗಂಡಸರು ಹೊರದೇಶದಲ್ಲಿದ್ದಾರೆ. ಅವರಲ್ಲಿ ಇಂಥ ಸಂಗತಿಯನ್ನು ಕಂಡವರು ಇದ್ದೇ ಇರುತ್ತಾರೆ, ಊರಿಗೆ ಬಂದಾಗ ಹೇಳುವುದಿಲ್ಲ ಅಷ್ಟೇ. ರಜೆಯಲ್ಲಿ ಬಂದ ಅಬ್ಬಾನನ್ನೋ ಚಾಚಾನನ್ನೋ ಒಮ್ಮೆ ಕೇಳಿ ನೋಡಿ, ತಂದ ಸೂಟ್‌ಕೇಸ್ ಬಿಚ್ಚುವ ಮೊದಲು.

ಆ ವರ್ಷದ ಕೊನೆಗೆ ಅವನಿಗೆ ರಜೆ ಸಿಕ್ಕಿತು. ಊರಿನಿಂದ ಫೋನ್ ಮಾಡಿದ: "ಟೀಚರ್, ಅಬ್ಬಾನ ಖಬರಿನ ಹತ್ತಿರ ಒಂದು ಸಣ್ಣ ಕಲ್ಲು ಇಡಬೇಕು ಅಂತ ಇದೆ. ಹೆಸರನ್ನು ಉರ್ದು, ಕನ್ನಡ ಎರಡರಲ್ಲೂ ಬರೆದುಕೊಡಿ, ಇಲ್ಲಿ ಕೆತ್ತುವವನಿಗೆ ಉರ್ದು ಬರೋದಿಲ್ಲ." ಕಲ್ಲು ಇಡಬಹುದೋ ಬಾರದೋ ಎಂಬುದನ್ನು ಜಮಾತಿನ ಹಿರಿಯರಲ್ಲಿ ಕೇಳು ಎಂದೆ. ಕಾಗದದ ಮೇಲೆ ದೊಡ್ಡದಾಗಿ ಎರಡೂ ಲಿಪಿಯಲ್ಲಿ ಬರೆದು, ಫೋಟೋ ತೆಗೆದು ಕಳಿಸಿದೆ.